ಕೊಟ್ಟೂರಿನ ಕಂಡಕ್ಟರು, ರೋಮಿನ ಕೊಲೆಗಳು

ನನ್ನ ತಮ್ಮ ಇದುವರೆಗೆ ಹತ್ತೊಂಬತ್ತು ಜನರನ್ನು ಕೊಂದಿದ್ದಾನೆ. ವಿಷ ಹಾಕಿ ಆರು, ಚೂರಿಯಲ್ಲಿ ಎಂಟು, ನೀರಿಗೆ ತಳ್ಳಿ ಮೂರು. ಉಳಿದಿಬ್ಬರನ್ನು ಹೇಗೆ ಕೊಂದ ಅನ್ನುವುದು ಅವನಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಎಲ್ಲರೂ ರೋಮ್ ಪಟ್ಟಣದವರು, ಎಲ್ಲರೂ ಎರಡು ಸಾವಿರ ವರ್ಷದ ಹಿಂದಿನವರು. ಕೊಟ್ಟೂರಿನವರನ್ನು ಒಬ್ಬರನ್ನೂ ಮುಟ್ಟಿಲ್ಲ. ಆ ಮಟ್ಟಿಗೆ ಮರ್ಯಾದಸ್ಥ.

ಅವನು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವೆ ನಿಂತುಕೊಂಡೇ ಅರ್ಧ ಆಯುಷ್ಯ ಕಳೆದ. ಬಸ್ಸಿನಲ್ಲಿ ಜನ ಏನೇನು ಮರೆತು ಹೋಗುತ್ತಾರೆ ಅಂತೀರಿ! ಕೊಡೆ, ಚಪ್ಪಲಿ, ಕೋಳಿ, ಒಮ್ಮೆ ಒಬ್ಬಳು ತನ್ನ ಅತ್ತೆಯನ್ನೇ. ಎಲ್ಲವನ್ನೂ ಹುಡುಕಿಕೊಂಡು ಯಾರಾದರೂ ಬಂದೇ ಬರುತ್ತಾರೆ. ಅತ್ತೆಯ ವಿಷಯದಲ್ಲಿ ಸ್ವಲ್ಪ ತಡವಾಯಿತು, ಆದರೂ ಬಂದರು. ಯಾರೂ ಹುಡುಕಿಕೊಂಡು ಬಾರದೆ ಉಳಿದದ್ದು ಒಂದೇ, ಒಂದು ದಪ್ಪ ಪುಸ್ತಕ. ಅದಕ್ಕೆ ರಟ್ಟಿರಲಿಲ್ಲ, ಮೊದಲ ಪುಟಗಳಿರಲಿಲ್ಲ, ಕೊನೆಯ ಪುಟಗಳೂ ಇರಲಿಲ್ಲ. ಮೂರು ತಿಂಗಳು ಕಾದ. ಆಮೇಲೆ, ಪಾಪ, ಯಾರದ್ದಿರಬಹುದು ಅಂತ ಗೊತ್ತುಮಾಡಿಕೊಳ್ಳಲು ಒಳಗೆ ಓದಿದ. ಅದು ರೋಮಿನ ಚರಿತ್ರೆ. ಓದಿದವನು ಹೊರಗೆ ಬರಲಿಲ್ಲ.

ನಾನು ಆಗತಾನೇ ಅವನ ಮನೆಗೆ ಬಂದಿದ್ದೆ. ನನ್ನ ಗಂಡ ಕೂಡ್ಲಿಗಿ ಹತ್ತಿರದ ಹಳ್ಳಿಯಲ್ಲಿ ಕಂಬಳಿ ನೇಯುತ್ತಿದ್ದ, ನಾನು ಉಣ್ಣೆ ನೂಲುತ್ತಿದ್ದೆ. ಅವನು ತೀರಿಕೊಂಡ ಮೇಲೆ ತಮ್ಮ ಬಂದು, ‘ಕದಿರು ತಗೊಂಡು ನಡಿ’ ಅಂದ. ನೂಲುವ ಕದಿರು, ಒಂದು ಕಂಬಳಿ, ಎರಡು ಸೀರೆ ತೆಗೆದುಕೊಂಡು ಬಂದೆ. ತಮ್ಮನ ಹೆಂಡತಿ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೂ ನಾನೇನು ವಾಪಸ್ ಹೋಗುತ್ತಿರಲಿಲ್ಲ.

ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಕೂತು ನಾನು ನೂಲುವಾಗ ಅವನು ಆ ಪುಸ್ತಕ ಓದಿ ಹೇಳುತ್ತಿದ್ದ. ಒಂದು ದಿನ ಮೈನಡುಗಿಸುತ್ತ ಓದಿದ. ರೋಮಿನ ಒಬ್ಬ ದೊಡ್ಡ ಮನುಷ್ಯನನ್ನು ತುಂಬಿದ ಸಭೆಯಲ್ಲಿ ಹತ್ತಾರು ಜನ ಸೇರಿ ಇರಿದು ಕೊಂದರಂತೆ.

“ಎಷ್ಟು ಮಂದಿ ನೋಡ್ತಿದ್ರು?” ಅಂದೆ.

“ಸಭಾ ಪೂರ್ತಿ ತುಂಬಿತ್ತು ಯಕ್ಕಾ.”

“ಎಲ್ಲಾರೂ ನೋಡಿದ ಮ್ಯಾಲ ಇದರಾಗ ಏನೈತಿ ಗುಟ್ಟು? ನಮ್ಮೂರಾಗ ಒಂದು ಕುರಿ ಕಳುವಾದರ ಇದಕ್ಕಿಂತ ಚಲೋ ಕತಿ ಆಗತೈತಿ.”

ಅವನು ಪುಸ್ತಕ ಮುಚ್ಚಿ ನನ್ನನ್ನೇ ನೋಡಿದ. ಮರುದಿನ ಉದ್ದನೆಯ ನೋಟ್‌ಬುಕ್ ತಂದ. ಯಾರೂ ನೋಡದಂತೆ ನಡೆಯುವ ಕೊಲೆಯನ್ನು ರೋಮಿನಲ್ಲಿ ತಾನೇ ಮಾಡುತ್ತೇನೆ ಅಂದ. ತಪ್ಪು ನನ್ನದೇ. ಆ ಕುರಿಯ ಮಾತು ಆಡಬಾರದಿತ್ತು.

ಅವನ ಪತ್ತೇದಾರ ಪೊಲೀಸನಲ್ಲ, ವಕೀಲನಲ್ಲ. ರೋಮಿನಲ್ಲಿ ಊರಿಗೆಲ್ಲ ಸೇರಿ ದೊಡ್ಡ ಸ್ನಾನದ ಮನೆ ಇರುತ್ತಿತ್ತಂತೆ. ಅದರ ಕೆಳಗೆ ಒಲೆ ಉರಿಸಿ ನೀರು ಕಾಯಿಸುವವನು. ಬೆತ್ತಲೆ ನಿಂತ ಗಂಡಸರು ಗುಟ್ಟು ಮುಚ್ಚಿಡುವುದಿಲ್ಲ, ಎಲ್ಲ ಸುದ್ದಿ ಮೇಲಿನಿಂದ ಅವನ ಕಿವಿಗೆ ಬೀಳುತ್ತದೆ. ಇದು ಒಳ್ಳೆಯ ಯೋಚನೆ ಅಂತ ನಾನೂ ಒಪ್ಪಿದೆ. ಅವನ ಹೆಸರೇನೋ ಇದೆ, ರೋಮಿನವರ ಹೆಸರೆಲ್ಲ ಒಂದೇ ತರಹ, ನನ್ನ ನಾಲಿಗೆಗೆ ಬರುವುದಿಲ್ಲ. ನಾನು ಹಂಡೆಯವನು ಅನ್ನುತ್ತೇನೆ. ಅವನೂ ಈಗ ಹಾಗೇ ಅನ್ನುತ್ತಾನೆ.

ಬರೆಯುವುದು ರೋಮ್, ಅಳತೆ ಕೊಟ್ಟೂರಿನದು. ಪಟ್ಟಣದ ಹೆಬ್ಬಾಗಿಲಿನಿಂದ ಸ್ನಾನದ ಮನೆಗೆ ಎಷ್ಟು ದೂರ? ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿಗೆ ಎಷ್ಟೋ ಅಷ್ಟು. ಸಭೆಯಲ್ಲಿ ಗದ್ದಲವಾದರೆ ರೋಮಿನ ಮುಖಂಡ ಎದ್ದು ನಿಂತು, ‘ಒಳಗೆ ಜಾಗ ಇದೆ, ಮುಂದೆ ನಡೆಯಿರಿ’ ಅನ್ನುತ್ತಾನೆ.

ಈಗ ಮುಖ್ಯ ವಿಷಯ. ಅವನು ತಾನು ಬರೆದ ಮೊದಲ ಪುಸ್ತಕದ ಎರಡನೇ ಅಧ್ಯಾಯ ಓದುತ್ತಿದ್ದಾಗಲೇ ನಾನು, “ಆ ಎಣ್ಣಿ ವ್ಯಾಪಾರಿನೇ ಕೊಂದಾನ” ಅಂದೆ. ಅವನ ಮುಖ ಸಪ್ಪಗಾಯಿತು. ಇನ್ನೂ ಹದಿನಾರು ಅಧ್ಯಾಯ ಬಾಕಿ.

“ಹೆಂಗ ಗೊತ್ತಾತು?”

“ಹಂಗ ಗೊತ್ತಾತು.”

ಎರಡನೇ ಪುಸ್ತಕದಲ್ಲಿ ವೈದ್ಯ ಅಂದೆ. ಮೂರನೆಯದರಲ್ಲಿ ಸತ್ತವನ ಮಗಳು ಅಂದೆ. ಸರಿಯಾಗಿತ್ತು. ನಾಲ್ಕನೆಯದರಲ್ಲಿ ಕೊಲೆ ಆಗುವ ಮೊದಲೇ ಹೇಳಿದೆ. ಅವತ್ತು ಅವನು ಊಟ ಬಿಟ್ಟು ಎದ್ದ. ಕೈ ತೊಳೆದುಕೊಂಡು ಬಂದು ನಡುಮನೆಯಲ್ಲಿ ನಿಂತು ಶಪಥ ಮಾಡಿದ.

“ಯಕ್ಕಾ, ನಿನಗ ಗೊತ್ತಾಗದಂಥ ಒಂದು ಕೊಲಿ ಬರಿಯೋತನಕ ನಾನು ಮಿರ್ಚಿ ಮುಟ್ಟಂಗಿಲ್ಲ.”

ನಮ್ಮ ಕಡೆಯವರಿಗೆ ಇದರ ತೂಕ ಹೇಳಬೇಕಾಗಿಲ್ಲ. ಸಂಜೆ ಮಂಡಕ್ಕಿಯ ಜೊತೆ ಬಿಸಿ ಮಿರ್ಚಿ, ಅದೇ ಮೆಣಸಿನಕಾಯಿ ಬಜ್ಜಿ, ಇಲ್ಲದಿದ್ದರೆ ಆ ದಿನ ಮುಗಿಯುವುದೇ ಇಲ್ಲ. ಅವನ ಹೆಂಡತಿ ಒಳಗಿನಿಂದ ಅಂದಳು, “ನೋಡ್ರಿ ಯಕ್ಕಾ, ಮದುವಿ ಮುಂದ ಬೀಡಿ ಬಿಡ್ರಿ ಅಂದ್ರ ಬಿಡಲಿಲ್ಲ. ಎಂಥದೋ ರೋಮಿಗೆ ಮಿರ್ಚಿ ಬಿಟ್ಟರು.”

ಮಿರ್ಚಿ ಬಿಟ್ಟ ಸಂಕಟವನ್ನು ರೋಮಿನವರ ಮೇಲೆ ತೀರಿಸಿಕೊಂಡ. ಐದನೇ ಪುಸ್ತಕದಲ್ಲಿ ದೊಡ್ಡ ಔತಣ ಬರುತ್ತದೆ. ರೊಟ್ಟಿ, ಶೇಂಗಾ ಚಟ್ನಿ, ಬುಟ್ಟಿ ತುಂಬ ಮಿರ್ಚಿ. ಎದುರು ಮನೆಯ ಮೇಷ್ಟ್ರು, ಪಾಠ ಹೇಳಿ ನಿವೃತ್ತರಾದವರು, ಕಟ್ಟೆಯ ಮೇಲೆ ಇದನ್ನು ಕೇಳಿಸಿಕೊಂಡು ನಕ್ಕರು. ಆಗ ರೋಮಿನಲ್ಲಿ ಮೆಣಸಿನಕಾಯಿಯೂ ಇರಲಿಲ್ಲ, ಶೇಂಗಾವೂ ಇರಲಿಲ್ಲ ಅಂದರು. ತಮ್ಮ ಎರಡು ದಿನ ಮುಸುಕು ಹಾಕಿ ಮಲಗಿದ. ಮೂರನೇ ದಿನ ಎದ್ದು, ತಾನು ಇನ್ನು ಮೇಲೆ ಬರೀ ಮಿರ್ಚಿಯಷ್ಟೇ ಅಲ್ಲ, ಒಂದು ಚೂರು ಖಾರವನ್ನೂ ಮುಟ್ಟದೆ ರೋಮಿನವರ ಹಾಗೇ ಇರುತ್ತೇನೆ, ಆಗಲಾದರೂ ಕೊಲೆ ಸರಿಯಾಗಿ ಬರುತ್ತದೋ ನೋಡುತ್ತೇನೆ ಅಂದ. ಅವತ್ತಿನಿಂದ ಮನೆಯಲ್ಲಿ ಎರಡು ಸಾರು. ಖಾರವಿಲ್ಲದ್ದನ್ನು ಒಮ್ಮೆ ನಾನೂ ಬಾಯಿಗಿಟ್ಟೆ. ರೋಮಿನಲ್ಲಿ ಅಷ್ಟು ಕೊಲೆ ಯಾಕೆ ಆಗುತ್ತಿದ್ದವು ಅನ್ನುವುದು ತಿಳಿಯಿತು.

ಮೇಷ್ಟ್ರು ಇನ್ನೊಂದು ತಪ್ಪನ್ನೂ ಹಿಡಿದರು. ಅವನ ರೋಮಿನ ಕಂಬಳಿಗಳಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ನಾವು ಹಾಗೇ ಮಾಡುವುದು. ಹುಣಸೆ ಬೀಜ ಅರೆದು ಕಾಯಿಸಿ, ನೇಯ್ದ ಕಂಬಳಿಗೆ ಬಳಿದು, ಬಿಸಿಲಿಗೆ ಕಟ್ಟಿದರೆ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ. ಮಳೆ ನೀರು ಜಾರಿ ಹೋಗುತ್ತದೆ. ಲೋಕದಲ್ಲಿ ಎಲ್ಲ ಕಂಬಳಿಗೂ ಹಾಗೇ ಮಾಡುತ್ತಾರೆ ಅಂತ ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ. ಮೇಷ್ಟ್ರು ಅಲ್ಲಿ ಹುಣಸೆ ಮರವೇ ಇಲ್ಲ ಅಂದರು. ಈ ಸಲ ತಮ್ಮ ಮಲಗಲಿಲ್ಲ.

“ನಮ್ಮ ದೇಶದಿಂದ ರೋಮಿಗೆ ಹಡಗಿನಾಗ ಕಾಳುಮೆಣಸು ಹೋಗ್ತಿದ್ದಿಲ್ಲೇನ್ರಿ ಮೇಷ್ಟ್ರ?”

“ಹೋಗ್ತಿತ್ತಪ್ಪ.”

“ಅದರ ಜೋಡಿ ಒಂದು ಚೀಲ ಹುಣಸಿಬೀಜ ಹೋಗಿರಲಾರದೇನ್ರಿ? ನೀವು ಹಡಗಿನಾಗ ಹತ್ತಿ ನೋಡೀರೇನು?”

ಮೇಷ್ಟ್ರು ಹಡಗು ಹತ್ತಿರಲಿಲ್ಲ. ಹುಣಸೆ ಬೀಜ ರೋಮಿನಲ್ಲಿ ಉಳಿಯಿತು.

ಬರೆದದ್ದನ್ನು ಪರೀಕ್ಷೆ ಮಾಡದೆ ಬಿಡುವವನಲ್ಲ. ರೋಮಿನ ಗಂಡಸರು ದೊಡ್ಡ ಬಿಳಿ ಬಟ್ಟೆಯನ್ನು ಮೈಗೆ ಸುತ್ತಿ ಎಡತೋಳಿನ ಮೇಲೆ ಹಾಕಿಕೊಳ್ಳುತ್ತಿದ್ದರಂತೆ. ಅದನ್ನು ಉಟ್ಟು ಕೊಲೆ ಮಾಡಿ ಓಡಿಹೋಗಲು ಆಗುತ್ತದೋ ಇಲ್ಲವೋ? ಎರಡು ಪಂಚೆ ಸೇರಿಸಿ ಹೊಲಿಸಿದ. ಕೊಟ್ಟೂರಿನಲ್ಲಿ ಎಲ್ಲರಿಗೂ ಪರಿಚಯ, ಆದ್ದರಿಂದ ಹರಪನಹಳ್ಳಿ ಕಡೆಯ ಅರಸೀಕೆರೆಯ ಸಂತೆಗೆ ಹೋದ. ನನ್ನನ್ನೂ ಕರೆದುಕೊಂಡು ಹೋದ. ಬಟ್ಟೆ ಸುತ್ತಿಕೊಂಡು ಈರುಳ್ಳಿ ಸಾಲಿನ ನಡುವೆ ಓಡಿದ. ನಾಲ್ಕು ಹೆಜ್ಜೆಗೇ ಕಾಲಿಗೆ ತೊಡರಿತು. ಎದ್ದು ನಿಲ್ಲುವಷ್ಟರಲ್ಲಿ ಮೂರು ಜನ ಕಾಲಿಗೆ ಬಿದ್ದಿದ್ದರು. ಒಬ್ಬಾಕೆ ಮನೆಯ ಗೃಹಪ್ರವೇಶಕ್ಕೆ ದಿನ ಕೇಳಿದಳು.

“ಬರೋ ಸೋಮವಾರ” ಅಂದ ಇವನು.

ಬಸ್ಸಿನಲ್ಲಿ ಬರುವಾಗ ಕೇಳಿದೆ, “ಸುಳ್ಳು ಯಾಕ ಹೇಳಿದಿ?”

“ಸುಳ್ಳೆಲ್ಲಿ ಯಕ್ಕಾ, ಸೋಮವಾರ ಬರಂಗಿಲ್ಲೇನು?”

ಬಾಗಳಿ ಊರಿನದು ಇನ್ನೊಂದು ಕಥೆ. ಕಂಬಗಳ ನಡುವೆ ಒಂದು ಹೆಣ ಬಿದ್ದಿದ್ದರೆ ಜನರಿಗೆ ಎಷ್ಟು ಹೊತ್ತಿಗೆ ಕಾಣುತ್ತದೆ ಅನ್ನುವುದು ಅವನಿಗೆ ಬೇಕಿತ್ತು. ಅಲ್ಲಿಯ ಹಳೆಯ ಕಲ್ಲೇಶ್ವರ ದೇವಸ್ಥಾನದಲ್ಲಿ ಕಂಬಗಳು ಬೇಕಾದಷ್ಟು. ಒಂದು ಕಂಬದ ಬುಡದಲ್ಲಿ ಅಂಗಾತ ಮಲಗಿದ. ನಾನು ದೂರ ಕೂತು ನೂಲಿದೆ. ಬಂದವರು ಬಂದರು, ಹೋದವರು ಹೋದರು. ಒಬ್ಬ, “ಕುಡದು ಬಿದ್ದಾನ” ಅಂದು ದಾಟಿಕೊಂಡು ಹೋದ. ಒಬ್ಬಾಕೆ ಅವನ ಮುಖದ ಮೇಲೆ ಬಿಸಿಲು ಬೀಳದಂತೆ ಟವಲು ಸರಿಮಾಡಿ ಹೋದಳು. ಒಂದು ತಾಸಿನ ಮೇಲೆ ಹೆಣ ತಾನೇ ಎದ್ದು ಬಂತು, ಮುಖ ಊದಿಸಿಕೊಂಡು. ಕೊಲೆಯಾದವನಿಗೆ ಇಷ್ಟೂ ಬೆಲೆ ಇಲ್ಲವಾ ಅಂತ. ಆದರೆ ಅದನ್ನೇ ಆರನೇ ಪುಸ್ತಕಕ್ಕೆ ಹಾಕಿದ. ಅದರಲ್ಲಿ ಹೆಣ ಎಲ್ಲರ ಕಣ್ಣೆದುರಿಗೇ ಇಡೀ ದಿನ ಬಿದ್ದಿರುತ್ತದೆ, ಊರೆಲ್ಲ ಕುಡುಕ ಅಂತ ದಾಟುತ್ತದೆ. ಬಹಳ ಚೆನ್ನಾಗಿದೆ. ಕೊಂದವನು ದೇವಸ್ಥಾನದ ಪೂಜಾರಿ ಅಂತ ನಾನು ಎರಡನೇ ಅಧ್ಯಾಯಕ್ಕೇ ಹೇಳಿದೆ.

ಇಷ್ಟೆಲ್ಲ ಸಹಿಸಿದೆ. ಒಂದನ್ನು ಸಹಿಸಲಿಲ್ಲ. ರೋಮಿನವರು ಉಣ್ಣೆಯ ಬಟ್ಟೆಯನ್ನು ಉಚ್ಚೆಯಲ್ಲಿ ನೆನೆಸಿ ತೊಳೆಯುತ್ತಿದ್ದರು ಅಂತ ಮೇಷ್ಟ್ರು ಹೇಳಿದರು. ಆ ಮೇಷ್ಟ್ರಿಗೆ ಬೇರೆ ಕೆಲಸವಿಲ್ಲ. ಮರುದಿನ ಹಿತ್ತಿಲಿಗೆ ಹೋದರೆ ದೊಡ್ಡ ಬೋಗುಣಿಯಲ್ಲಿ ಆಕಳ ಗಂಜಲ, ಅದರಲ್ಲಿ ಒಂದು ಕಂಬಳಿ. ನನ್ನ ಗಂಡ ನೇಯ್ದ ಕೊನೆಯ ಕಂಬಳಿ.

ಕದಿರು ಎಸೆದೆ. ಹಣೆಗೆ ಬಡಿಯಿತು. ಆ ಗಾಯದ ಗುರುತು ಇವತ್ತಿಗೂ ಇದೆ. ಅವನು ಅದನ್ನು ಕನ್ನಡಿಯಲ್ಲಿ ನೋಡಿ, ಕದಿರಿನಿಂದಲೂ ಕೊಲ್ಲಬಹುದು ಅಂತ ಬರೆದಿಟ್ಟುಕೊಂಡ. ಕಂಬಳಿಯನ್ನು ನಾನೇ ಹಿಂಡಿ, ನಾಲ್ಕು ನೀರಿನಲ್ಲಿ ಜಾಲಿಸಿ ಒಣಹಾಕಿದೆ. ಒಣಗಿದ ಮೇಲೆ ಮುಟ್ಟಿ ನೋಡಿದೆ. ಇಪ್ಪತ್ತು ವರ್ಷದ ಕೊಳೆ ಬಿಟ್ಟು ಹೊಸದರ ಹಾಗೆ ಆಗಿತ್ತು. ಅದನ್ನು ಅವನಿಗೆ ಹೇಳಿಲ್ಲ. ಯಾಕೆ ಹೇಳಬೇಕು?

ಅವನಿಗೆ ಹೇಳದ ಇನ್ನೊಂದು ಗುಟ್ಟಿತ್ತು. ನಿಮಗೆ ಹೇಳುತ್ತೇನೆ. ಏಳು ಪುಸ್ತಕದ ಏಳು ಕೊಲೆಗಾರರನ್ನು ನಾನು ಬುದ್ಧಿಯಿಂದ ಹಿಡಿದದ್ದಲ್ಲ. ಅವನು ಓದುವಾಗ ಅರ್ಧ ಕಥೆ ನನ್ನ ಕಿವಿಗೇ ಬೀಳುತ್ತಿರಲಿಲ್ಲ. ಕದಿರಿನ ಕಡೆಗೆ ಕಣ್ಣು, ಎಳೆಯ ಕಡೆಗೆ ಜೀವ. ಯಾವ ಬಾಗಿಲು ತೆರೆದಿತ್ತು, ಯಾವ ದೀಪ ಆರಿತ್ತು, ದೇವರಿಗೇ ಗೊತ್ತು. ನಾನು ಕೇಳುತ್ತಿದ್ದದ್ದು ಒಂದನ್ನೇ, ಅವನ ಗಂಟಲನ್ನು. ಐದು ವರ್ಷದವನಿದ್ದಾಗ ಬೆಲ್ಲ ಕದ್ದು ತಿಂದು, ಅವ್ವ ಕೇಳಿದರೆ ಮೊದಲು ‘ಎಹ್ಹೆಂ’ ಅಂತ ಗಂಟಲು ಸರಿಮಾಡಿಕೊಂಡು ಆಮೇಲೆ ಇಲ್ಲ ಅನ್ನುತ್ತಿದ್ದ. ಮುಚ್ಚಿಡುವುದು ಏನಾದರೂ ಇದ್ದರೆ ಅವನ ಗಂಟಲು ತಡೆಯುವುದಿಲ್ಲ. ಕಥೆಯಲ್ಲಿ ಕೊಲೆಗಾರನ ಹೆಸರು ಮೊದಲ ಸಲ ಬಂದಾಗ ಅದನ್ನು ಎಲ್ಲರ ಹೆಸರಿನ ಹಾಗೆ ಓದಬೇಕು ಅಂತ ಅವನ ಆಸೆ. ಅದಕ್ಕೇ ಒಂದು ಎಹ್ಹೆಂ. ಎಣ್ಣೆ ವ್ಯಾಪಾರಿಗೆ ಎಹ್ಹೆಂ. ವೈದ್ಯನಿಗೆ ಎಹ್ಹೆಂ. ಅಷ್ಟೇ ನನ್ನ ಪತ್ತೇದಾರಿ. ಇದನ್ನು ಹೇಳಿದ್ದರೆ ಅವನು ಎಹ್ಹೆಂ ನಿಲ್ಲಿಸುತ್ತಿದ್ದ, ಗೆಲ್ಲುತ್ತಿದ್ದ. ತಮ್ಮನಿಗೆ ಗೆಲುವು ಬಿಟ್ಟುಕೊಡುವ ಅಕ್ಕ ನಾನಲ್ಲ.

ಎಂಟನೇ ಪುಸ್ತಕಕ್ಕೆ ಅವನು ಎರಡು ವರ್ಷ ತೆಗೆದುಕೊಂಡ. “ಈ ಸಲ ನೀ ಸೋಲ್ತಿ ಯಕ್ಕಾ. ನಿನ್ನ ಕಸುಬಿನ ಕತೀನೇ ಬರದೀನಿ. ಸುಳಿವು ನಿನ್ನ ಕಣ್ಣ ಮುಂದ ಇಟ್ಟೀನಿ. ಆದರೂ ನಿನಗ ಸಿಗಂಗಿಲ್ಲ” ಅಂದ. ಉಣ್ಣೆ ವ್ಯಾಪಾರಿಯೊಬ್ಬ ಹಳ್ಳದ ದಂಡೆಯಲ್ಲಿ ಸತ್ತು ಬಿದ್ದಿರುತ್ತಾನೆ, ಮೈಮೇಲೆ ಕಂಬಳಿ. ಅನುಮಾನ ಮೂವರ ಮೇಲೆ. ವ್ಯಾಪಾರಿಯ ಮನೆಯ ವ್ಯವಹಾರ ನೋಡುವ ಕಾರಭಾರಿ, ಉಣ್ಣೆಗೆ ಬಣ್ಣ ಹಾಕುವ ಹೆಂಗಸು, ಅವಳ ಅಳಿಯ. ಚೆನ್ನಾಗಿ ಶುರುವಾಯಿತು. ನಾನು ನೂಲುತ್ತಾ ಕಿವಿ ಕೊಟ್ಟು ಕೂತೆ.

ಕಾರಭಾರಿ ಬಂದ. ಎಹ್ಹೆಂ. ಸಿಕ್ಕಿದ ಅಂದುಕೊಂಡೆ. ಬಣ್ಣದವಳು ಬಂದಳು. ಎಹ್ಹೆಂ. ಅಳಿಯ ಬಂದ, ಎಹ್ಹೆಂ. ಓಹೋ, ಮೂವರೂ ಸೇರಿ ಕೊಂದಿದ್ದಾರೆ, ತಮ್ಮ ಜಾಣನಾದ ಅಂದುಕೊಂಡೆ. ಹಂಡೆಯವನು ಬಂದ, ಅವನಿಗೂ ಎಹ್ಹೆಂ. ಪತ್ತೇದಾರನೇ ಕೊಲೆಗಾರನಾ? ನಾಲ್ಕನೇ ಅಧ್ಯಾಯದಲ್ಲಿ ಸತ್ತವನ ಹೆಸರಿಗೂ ಬಂತು. ಆಮೇಲೆ ಒಂದು ನಾಯಿ ಬೀದಿ ದಾಟಿತು. ಸುಮ್ಮನೆ ದಾಟಿತು, ಕಥೆಯಲ್ಲಿ ಅದಕ್ಕೆ ಬೇರೆ ಕೆಲಸವಿಲ್ಲ. ಆ ನಾಯಿಗೂ ಗಂಟಲು ಸರಿಮಾಡಿಕೊಂಡ.

ನನ್ನ ಕದಿರು ನಿಂತಿತು.

“ಪುಸ್ತಕ ಮುಚ್ಚು” ಅಂದೆ.

“ಯಾಕ? ಯಾರಂತ ಗೊತ್ತಾತೇನು?”

“ಗೊತ್ತಾತು. ನಾಳೆ ಮುಂಜಾನಿ ದವಾಖಾನಿಗೆ ನಡಿ.”

“ನನಗೇನಾಗೈತಿ? ಅಲ್ಲಿ ಹೆಣ ಬಿದ್ದೈತಿ ಯಕ್ಕಾ, ತನಿಖಿ ಅರ್ಧಕ್ಕ ನಿಂತೈತಿ.”

“ಎರಡು ಸಾವಿರ ವರ್ಷದಿಂದ ಬಿದ್ದೈತಿ. ಇನ್ನೆರಡು ದಿನ ಬಿದ್ದಿರಲಿ.”

ಬರುವುದಿಲ್ಲ ಅಂದ. ನಾನು ನೋಟ್‌ಬುಕ್ಕನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಂದ.

ಕೊಟ್ಟೂರಿನ ಡಾಕ್ಟರು ದೀಪ ಬಿಟ್ಟು ನೋಡಿ, ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗಂಟಲಿನಲ್ಲಿ ಗಡ್ಡೆ ಇದೆ ಅಂದರು, ಕೆಟ್ಟದ್ದು ಅಂದರು. ದನಿ ಬರುವ ಜಾಗವನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಹೋಗುತ್ತದೆ ಅಂದರು. ಬಹಳ ಜನ ತಡವಾಗಿ ಬರುತ್ತಾರೆ, ನೀವು ಬೇಗ ಬಂದಿದ್ದೀರಿ, ಯಾರು ಗಮನಿಸಿದ್ದು ಅಂತ ಕೇಳಿದರು. ತಮ್ಮ ನನ್ನ ಕಡೆ ಕೈ ತೋರಿಸಿದ.

ಆಪರೇಷನ್ನಿನ ದಿನ ಬೆಳಿಗ್ಗೆ ಅವನನ್ನು ಗಾಲಿಯ ಮಂಚದ ಮೇಲೆ ಮಲಗಿಸಿದರು. ಹೆಂಡತಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ಅವನು ನನ್ನ ಕೈ ಹಿಡಿದುಕೊಂಡ.

“ಯಕ್ಕಾ, ದನಿ ಇರೋತ್ತಿಗೇ ಹೇಳಿಬಿಡ್ಲೇನು, ಯಾರಂತ?”

“ಹೇಳಿದರ ಕಾಲು ಮುರೀತೀನಿ. ಎದ್ದು ಬಂದು ಸೋಲಿಸು.”

ಅವನು ನಕ್ಕ. ಮಂಚ ತಳ್ಳುವವರ ಕಡೆ ತಿರುಗಿ, “ರೈಟ್” ಅಂದ. ಮೂವತ್ತು ವರ್ಷ ಬಸ್ಸು ಹೊರಡಿಸಿದ್ದ ಮಾತು. ಅದೇ ಕೊನೆಯದು.

ಮನೆಗೆ ಬಂದ. ಕತ್ತಿನಲ್ಲಿ ಉಸಿರಾಡಲು ಒಂದು ಸಣ್ಣ ತೂತು, ಕೈಯಲ್ಲಿ ಒಂದು ಸ್ಲೇಟು. ಬೇಕಾದ್ದನ್ನು ಬರೆದು ತೋರಿಸುತ್ತಾನೆ, ಹೆಂಡತಿ ಓದುತ್ತಾಳೆ. ಅವಳು ನಾಲ್ಕನೇ ಕ್ಲಾಸು. ಸ್ಲೇಟಿನ ದಪ್ಪ ಅಕ್ಷರ ಓದುತ್ತಾಳೆ, ಅವನ ನೋಟ್‌ಬುಕ್ಕಿಗೆ ಕೈ ಮುಗಿಯುತ್ತಾಳೆ. ಅದು ಓಡುವ ಬಸ್ಸಿನಲ್ಲಿ ನಿಂತು ಬರೆದು ಬರೆದು ಕೆಟ್ಟ ಕೈಬರಹ.

ಎಂಟನೇ ಪುಸ್ತಕದ ಓದು ಅರ್ಧಕ್ಕೆ ನಿಂತಿತ್ತು. ಮೇಷ್ಟ್ರನ್ನು ಕರೆದೆವು. ಅವರು ಕನ್ನಡಕ ಹಾಕಿ ಪಾಠದ ಹಾಗೆ ಓದಿದರು. ಹೆಣ ಸಿಕ್ಕರೂ ಅದೇ ದನಿ, ಹಂಡೆ ಕಾಯ್ದರೂ ಅದೇ ದನಿ. ಹೋಗಲಿ ಅಂದುಕೊಂಡರೆ, ಒಂದು ಪುಟ ಮುಗಿಸಿ ಮೆಲ್ಲಗೆ ಕೊನೆಯ ಪುಟ ತೆರೆದು ನೋಡಿದರು. ತಮ್ಮ ಎದ್ದು ನೋಟ್‌ಬುಕ್ ಕಿತ್ತುಕೊಂಡ. ಸ್ಲೇಟಿನ ಮೇಲೆ ಏನೋ ಬರೆದ. ಅವನ ಹೆಂಡತಿ ಓದಿ, “ಅದನ್ನ ನಾನು ಹೇಳಂಗಿಲ್ಲ ಮೇಷ್ಟ್ರ, ನೀವು ಮನಿಗೆ ಹೋಗ್ರಿ” ಅಂದಳು.

ಇನ್ನು ಉಳಿದವಳು ನಾನು. ಎರಡನೇ ಕ್ಲಾಸಿಗೆ ಕುರಿ ಹಿಂದೆ ಹೋದವಳು. ಬಸ್ಸಿನ ಬೋರ್ಡು ಓದಬಲ್ಲೆ, ಅದೂ ಬಸ್ಸು ನಿಂತಿದ್ದರೆ. ಅವನು ಕಿತ್ತುಕೊಂಡ ನೋಟ್‌ಬುಕ್ ಮತ್ತೆ ಟ್ರಂಕು ಸೇರಿತ್ತು, ಅದರ ಬೀಗ ನನ್ನದೇ. ನೋಟ್‌ಬುಕ್ ತೆಗೆದು ಕಟ್ಟೆಯ ಮೇಲೆ ಕೂತೆ. ಅವನನ್ನು ಎದುರಿಗೆ ಕೂರಿಸಿದೆ.

“ನಾ ಓದ್ತೀನಿ. ತಪ್ಪಿದರ ಸ್ಲೇಟು ಬಡಿ” ಅಂದೆ.

ಮೊದಲ ದಿನ ಅವನು ಸ್ಲೇಟು ಬಡಿದ ಸದ್ದಿಗೆ ಎದುರು ಮನೆಯ ಕೋಳಿಗಳು ಒಳಗೆ ಹೋದವು. ಮೊದಮೊದಲು ಒಂದು ಸಾಲಿಗೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದೆ; ರೋಮಿನವರ ಹೆಸರಿಗೆಲ್ಲ ಒತ್ತು. ಅವನು ಅಕ್ಷರವನ್ನು ಬಿಡಿಸಿ ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ತೋರಿಸುತ್ತಿದ್ದ. ನಾನು ಅದನ್ನು ಎದುರಿಗಿದ್ದ ನೆಲದ ಮಣ್ಣಿನಲ್ಲಿ ಬೆರಳಿನಿಂದ ತಿದ್ದುತ್ತಿದ್ದೆ. ಅವನ ಹೆಂಡತಿ ನೋಡಿ, “ಈ ವಯಸ್ಸಿನಾಗ ಯಾಕ್ರಿ ಯಕ್ಕಾ?” ಅಂದಳು.

“ಯಾರು ಕೊಂದರು ಅಂತ ತಿಳೀಬೇಕಲ್ಲವ್ವ” ಅಂದೆ.

ಬೇಸಿಗೆ ಹೋಯಿತು, ಮಳೆ ಬಂದು ಹೋಯಿತು, ಜೋಳ ತೆನೆ ಬಿಟ್ಟಿತು. ನಾನು ಹದಿಮೂರನೇ ಅಧ್ಯಾಯಕ್ಕೆ ಬಂದೆ. ಕೊಲೆಗಾರ ಯಾರು ಅಂತ ಗೊತ್ತಾಗಲಿಲ್ಲ. ಹೇಗೆ ಗೊತ್ತಾದೀತು? ಸಾಲು ಮುಗಿಸುವಷ್ಟರಲ್ಲಿ ಸತ್ತವನು ಯಾರು ಅನ್ನುವುದೇ ಮರೆತಿರುತ್ತಿತ್ತು. ಹೆಸರು ಬಂದಾಗಲೆಲ್ಲ ತಲೆ ಎತ್ತಿ ಅವನ ಮುಖ ನೋಡುತ್ತಿದ್ದೆ. ಮುಖ ಏನೂ ಹೇಳಲಿಲ್ಲ. ಆ ಮನುಷ್ಯ ಗುಟ್ಟನ್ನೆಲ್ಲ ಇಟ್ಟಿದ್ದದ್ದು ಗಂಟಲಿನಲ್ಲಿ.

ಕೊನೆಯ ಅಧ್ಯಾಯಕ್ಕೆ ಬಂದ ದಿನ ಅವನು ಕೈ ಅಡ್ಡ ಹಿಡಿದು ಸ್ಲೇಟಿನ ಮೇಲೆ ಬರೆದ. ಅದನ್ನು ನಾನೇ ಓದಿದೆ. ‘ಯಾರು?’

ನಾನು ಬಹಳ ಯೋಚನೆ ಮಾಡಿ, “ಬಣ್ಣದಾಕಿ” ಅಂದೆ.

ಅವನು ಸ್ಲೇಟನ್ನು ಕೆಳಗಿಟ್ಟ. ಎರಡೂ ಕೈ ಎತ್ತಿ ತಲೆಯ ಮೇಲೆ ಹೊತ್ತುಕೊಂಡ. ಆಮೇಲೆ ಮೈ ಕುಲುಕಿಸಿ ಕುಲುಕಿಸಿ ನಕ್ಕ, ಒಂದಿಷ್ಟೂ ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ತನಕ. ಅವನ ಹೆಂಡತಿ ಬಾಗಿಲಿಗೆ ಬಂದು ನೋಡಿ, ಯಾರನ್ನೂ ಕೇಳದೆ ಒಳಗೆ ಹೋಗಿ ಎಣ್ಣೆ ಕಾಯಲು ಇಟ್ಟಳು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಮಿರ್ಚಿಯ ವಾಸನೆ ಎದ್ದಿತು. ಖಾರ ಅವನಿಗೆ ಈಗ ತಡೆಯುವುದಿಲ್ಲ. ಹಸಿಮೆಣಸಿನಕಾಯಿ ಎಳೆದು ಹೊರಗೆ ಹಾಕಿ, ಮೇಲಿನ ಹಿಟ್ಟನ್ನು ಮಾತ್ರ ತಿಂದ. ರಾಜನ ಹಾಗೆ ತಿಂದ.

ಕೊಂದವನು ಕಾರಭಾರಿ. ಒಂಬತ್ತನೇ ಅಧ್ಯಾಯದಲ್ಲಿ ಅವನು ಹಂಡೆಯವನಿಗೆ, ‘ಯಜಮಾನರು ಸಂಜೆ ಹೊಸ ಕಂಬಳಿ ಹೊದ್ದು ಹೋದರು, ಅದು ಹಲಗೆಯಂತೆ ಸೆಟೆದಿತ್ತು’ ಅನ್ನುತ್ತಾನೆ. ಅದೇ ಅಧ್ಯಾಯದಲ್ಲಿ ಆ ಕಂಬಳಿಗೆ ಅವತ್ತು ಮಧ್ಯಾಹ್ನವಷ್ಟೇ ಹುಣಸೆ ಬೀಜದ ಗಂಜಿ ಬಳಿದಿದ್ದರು ಅಂತಲೂ ಇದೆ, ಮೂರು ದಿನದಿಂದ ಮಳೆ ಹಿಡಿದಿತ್ತು ಅಂತಲೂ ಇದೆ. ಬಿಸಿಲಿಲ್ಲದೆ ಗಂಜಿ ಕಂಬಳಿ ಸೆಟೆಯುತ್ತದೆಯೇ? ನಮ್ಮ ಕೇರಿಯ ಎಂಟು ವರ್ಷದ ಹುಡುಗಿಯೂ ಅವನು ಸುಳ್ಳುಗಾರ ಅನ್ನುತ್ತಾಳೆ. ಜೀವಮಾನವೆಲ್ಲ ಕಂಬಳಿಯ ಜೊತೆ ಬದುಕಿದ ನನಗೆ ಹೊಳೆಯಲಿಲ್ಲ. ‘ಹಲಗೆಯಂತೆ’ ಅನ್ನುವುದನ್ನು ಅವನ ಸಹಾಯವಿಲ್ಲದೆ ಓದಿದೆನಲ್ಲ ಅಂತ ಹಿಗ್ಗಿ ಮುಂದಿನ ಸಾಲಿಗೆ ಹೋಗಿದ್ದೆ.

ಮಿರ್ಚಿ ತಿಂದು ಕೈ ಒರೆಸಿಕೊಂಡ ಮೇಲೆ ಅವನ ನಗು ಮೆಲ್ಲಗೆ ಇಳಿಯಿತು. ಎಷ್ಟೆಂದರೂ ಪತ್ತೇದಾರಿ ಬರೆಯುವವನು. ಸ್ಲೇಟು ಎತ್ತಿಕೊಂಡ. ‘ಕಂಬಳೀನೇ ತಿಳೀಲಿಲ್ಲ. ಮೊದಲಿನ ಏಳು ಹೆಂಗ ತಿಳೀತು?’

ನಾನು ಅವನ ಹಾಗೇ ಗದ್ದ ಸ್ವಲ್ಪ ಮೇಲೆತ್ತಿ, “ಎಹ್ಹೆಂ” ಅಂದೆ.

ಅವನ ಕೈ ತಾನಾಗಿ ಕತ್ತಿಗೆ ಹೋಯಿತು. ಸ್ಲೇಟು ಒರೆಸಿ ಒಂದೇ ಮಾತು ಬರೆದ. ‘ನಾಯಿ?’

“ನಾಯಿಗೂ ಅಂದಿ” ಅಂದೆ. “ನಾಯಿ ಯಾಕ ಕೊಲ್ಲತೈತಿ?”

ಅವನು ಸ್ಲೇಟನ್ನು ಒರೆಸಿದ್ದನ್ನೇ ಒರೆಸುತ್ತಾ ಕೂತ. ನಾನು ಕದಿರು ಎತ್ತಿಕೊಂಡೆ.

ಈಗ ಒಂಬತ್ತನೇ ಪುಸ್ತಕ ನಡೆದಿದೆ. ಅವನು ಬೆಳಿಗ್ಗೆ ಬರೆಯುತ್ತಾನೆ, ಮಧ್ಯಾಹ್ನ ನಾನು ಓದುತ್ತೇನೆ. ದಿನಕ್ಕೆ ಒಂದು ಪುಟ ಸಾಗುತ್ತದೆ. ಯಾರದೇ ಹೆಸರು ಬರಲಿ, ಕೊಂದವನಿರಲಿ, ಸತ್ತವನಿರಲಿ, ಬೀದಿಯ ನಾಯಿಯಿರಲಿ, ಅದರ ಮುಂದೆ ನಾನೇ ಒಂದು ಎಹ್ಹೆಂ ಹಾಕಿ ಓದುತ್ತೇನೆ. ಅವನಿಗೆ ಸಿಟ್ಟು ಬರುತ್ತದೆ, ಸ್ಲೇಟು ಬಡಿಯುತ್ತಾನೆ. ಬಡಿಯಲಿ. ನಾನು ಬಿಡುವುದಿಲ್ಲ. ಆ ಸದ್ದು ಈ ಮನೆಯಲ್ಲಿ ಇರಬೇಕು.